ಕೋಡುಬಳೆಗೆ ಜಾಸ್ತಿ, ಬೆಲ್ಲಕ್ಕೆ ಕಮ್ಮಿ: ನಮ್ಮ ಅಂಗಡಿಗೆ ಡೆಲಿವರಿ ಚಾರ್ಜ್ ಸೆಟ್ ಮಾಡಿದ್ದು

ನಮ್ಮತ್ತಿಗೆ ಮೈಸೂರು ಕುವೆಂಪುನಗರದ ಮನೇಲೇ ಕೋಡುಬಳೆ, ಚಕ್ಕುಲಿ, ಚಟ್ನಿಪುಡಿ ಮಾಡಿ ಮಾರ್ತಾರೆ, ಜೊತೆಗೆ ಮಂಡ್ಯ ಕಡೆ ಆಲೆಮನೆಯಿಂದ ತರಿಸಿದ ಅಚ್ಚು ಬೆಲ್ಲ. ವೆಬ್‌ಸೈಟ್ ಕೆಲಸ ನನ್ನ ಪಾಲಿಗೆ ಬಂತು, ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ (ಸೈಟಲ್ಲಿ ಅಂಗಡಿ ನಡೆಸೋಕೆ ಸೇರಿಸೋ ಪ್ಲಗಿನ್, ಅಂದ್ರೆ ಹೆಚ್ಚುವರಿ ಸಾಫ್ಟ್‌ವೇರ್) ಹಾಕ್ದೆ. ಫೋಟೋ, ಪೇಮೆಂಟ್ ಎಲ್ಲಾ ಸಲೀಸಾಗಿ ಆಯ್ತು, ತಲೆ ತಿಂದಿದ್ದು ಡೆಲಿವರಿ ಚಾರ್ಜು.

"ಎಲ್ಲಾ ಕಡೆಗೂ ಐವತ್ತು ರೂಪಾಯಿ ಅಂತ ಹಾಕ್ಬಿಡು ಕಣೋ, ಯಾಕಿಷ್ಟು ಎಳೀತಿದೀಯ" ಅಂದ್ರು ಅತ್ತಿಗೆ. "ಕೊರಿಯರ್‌ನೋನು ಎಲ್ಲಾ ಕಡೆಗೂ ಐವತ್ತು ತಗೊಂಡ್ರೆ ಹಾಕ್ತೀನಿ ಅತ್ತಿಗೆ" ಅಂದೆ.

ನಾನು ವೆಬ್‌ಸೈಟ್ ಮುಟ್ಟೋಕೆ ಮುಂಚೆ ಕೊರಿಯರ್ ರೇಟ್ ಕಾರ್ಡ್ ಇಟ್ಕೊಂಡು ಕೂತೆ. ಅದ್ರಲ್ಲಿ ಎರಡೇ ವಿಷ್ಯ, ದೂರ ಮತ್ತು ತೂಕ, ಆದ್ರೆ ಆ ತೂಕ ಅನ್ನೋದ್ರಲ್ಲೇ ಎಲ್ಲಾ ಇರೋದು. ತಕ್ಕಡಿ ತೋರ್ಸೋ ತೂಕ ಒಂದು, ಡಬ್ಬದ ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸಿದ್ರೆ ಬರೋ ವಾಲ್ಯೂಮೆಟ್ರಿಕ್ ತೂಕ ಇನ್ನೊಂದು, ಎರಡ್ರಲ್ಲಿ ಯಾವ್ದು ಜಾಸ್ತಿನೋ ಅದಕ್ಕೆ ದುಡ್ಡು, ಅದೂ ಅರ್ಧ ಅರ್ಧ ಕೆಜಿ ಸ್ಲ್ಯಾಬಲ್ಲಿ ಮೇಲಕ್ಕೆ ಏರಿಸಿ. ಕೋಡುಬಳೆ ಮುರೀಬಾರ್ದು ಅಂತ ಸುತ್ತ ಪೇಪರ್ ತುಂಬಿ 30, 25, 20 ಸೆಂಮೀ ಡಬ್ಬದಲ್ಲಿ ಹಾಕ್ತೀವಿ. ಗುಣಿಸಿದ್ರೆ 15000, ಭಾಗಿಸಿದ್ರೆ 3 ಕೆಜಿ. ಒಳಗಿರೋದು ಒಂದೇ ಕೆಜಿ ಕೋಡುಬಳೆ! ಅದೇ ಎರಡು ಕೆಜಿ ಬೆಲ್ಲ ಪುಟ್ಟ ಡಬ್ಬದಲ್ಲಿ ಕೂತ್ಕೊಳುತ್ತೆ, ಪ್ಯಾಕಿಂಗ್ ಸೇರಿ 2.2 ಕೆಜಿ, 2.5ರ ಸ್ಲ್ಯಾಬು. ಅಂದ್ರೆ ಒಂದು ಕೆಜಿ ಕೋಡುಬಳೆ ಕಳ್ಸೋದು ಎರಡು ಕೆಜಿ ಬೆಲ್ಲ ಕಳ್ಸೋದಕ್ಕಿಂತ ದುಬಾರಿ. ಇದನ್ನ ಲೆಕ್ಕ ಮಾಡಿ ತೋರ್ಸಿದ್ಮೇಲೇನೆ ಅತ್ತಿಗೆ ಐವತ್ತು ರೂಪಾಯಿ ಮಾತು ಬಿಟ್ಟಿದ್ದು.

ವೂಕಾಮರ್ಸಲ್ಲಿ ಬರೋ ಫ್ಲಾಟ್ ರೇಟ್‌ಗೆ ತೂಕ ಅರ್ಥ ಆಗಲ್ಲ, ಎಷ್ಟು ಪೀಸು, ಎಷ್ಟು ರೂಪಾಯಿ ಮಾಲು ಅನ್ನೋದು ಗೊತ್ತಾಗುತ್ತೆ ಅಷ್ಟೇ. ತೂಕಕ್ಕೆ ತಕ್ಕ ರೇಟ್ ಬೇಕಂದ್ರೆ ಬೇರೆ ಪ್ಲಗಿನ್ ಹಾಕ್ಬೇಕು. ನಮ್ಮದು ಇರೋದೇ ನಾಕೈದು ಐಟಂ, ಅದಕ್ಕೆ ಪ್ಲಗಿನ್ ಯಾಕೆ ಅಂತ ಶಿಪ್ಪಿಂಗ್ ಕ್ಲಾಸ್ (ಡೆಲಿವರಿ ಚಾರ್ಜಿಗೋಸ್ಕರ ಮಾಡೋ ಐಟಂ ಗುಂಪು) ಎರಡು ಮಾಡ್ದೆ: ಕರುಂಕುರುಂ ಐಟಮ್ಮೆಲ್ಲಾ "ದೊಡ್ಡ ಡಬ್ಬ", ಬೆಲ್ಲ ಪುಡಿ ಎಲ್ಲಾ "ಚಿಕ್ಕ ಡಬ್ಬ". ಪ್ರತಿ ಕ್ಲಾಸಿಗೂ ಬೇರೆ ಬೇರೆ ರೇಟ್ ಬರೀಬಹುದು. ಅಲ್ಲೇ ಕೆಳಗೆ ಕ್ಯಾಲ್ಕುಲೇಷನ್ ಟೈಪ್ ಅಂತ ಒಂದಿದೆ ನೋಡಿ, ಪರ್ ಕ್ಲಾಸ್ ಅಂತ ಬಿಟ್ರೆ ಎರಡು ಕ್ಲಾಸಿನ ಚಾರ್ಜೂ ಕೂಡಿ ಬರುತ್ತೆ, ಪರ್ ಆರ್ಡರ್ ಅಂದ್ರೆ ಜಾಸ್ತಿ ಇರೋ ಕ್ಲಾಸಿಂದು ಮಾತ್ರ. ಚಟ್ನಿಪುಡಿ ಹೆಂಗೂ ಕೋಡುಬಳೆ ಡಬ್ಬದ ಸಂದೀಲೇ ಹೋಗೋದ್ರಿಂದ ನಾನು ಪರ್ ಆರ್ಡರ್ ಇಟ್ಟೆ.

ಇನ್ನು ಝೋನು, ಅಂದ್ರೆ ಒಂದೇ ರೇಟ್ ಇರೋ ಊರುಗಳ ಗುಂಪು. ಮೈಸೂರು ಸಿಟಿ, ಕರ್ನಾಟಕ, ಪಕ್ಕದ ರಾಜ್ಯಗಳು, ಉಳಿದ ಇಂಡಿಯಾ, ಆಮೇಲೆ ಈಶಾನ್ಯ ರಾಜ್ಯ, ಕಾಶ್ಮೀರ, ಲಡಾಖ್, ಅಂಡಮಾನ್ ಸೇರಿ ಒಂದು. ಇದು ನನ್ನ ಮನಸ್ಸಿಗೆ ಬಂದಂಗೆ ಮಾಡಿದ್ದಲ್ಲ, ರೇಟ್ ಕಾರ್ಡಲ್ಲಿ ಎಲ್ಲೆಲ್ಲಿ ರೇಟ್ ಬದಲಾಗುತ್ತೋ ಅಲ್ಲಲ್ಲಿ ಗೆರೆ ಎಳೆದಿದ್ದು. ಬೀದರ್ ಎಷ್ಟೇ ದೂರ ಇರ್ಲಿ, ನಮ್ಮ ಕೊರಿಯರ್‌ಗೆ ಅದೂ ಬೆಂಗಳೂರೂ ಒಂದೇ, ಹೊಸೂರು ಬೆಂಗಳೂರಿಗೆ ಅಂಟ್ಕೊಂಡಿದ್ರೂ ಬೇರೆ ರಾಜ್ಯದ ರೇಟು.

ಝೋನ್ ಲಿಸ್ಟನ್ನ ವೂಕಾಮರ್ಸ್ ಮೇಲಿಂದ ಕೆಳಕ್ಕೆ ಓದುತ್ತೆ, ಮೊದಲು ಹೊಂದಿದ್ದನ್ನ ಹಿಡ್ಕೊಂಡು ಅಲ್ಲಿಗೇ ನಿಲ್ಲುತ್ತೆ. ಅದಕ್ಕೆ ಮೈಸೂರು ಸಿಟಿ ಎಲ್ಲಕ್ಕಿಂತ ಮೇಲಿರ್ಬೇಕು, ಕರ್ನಾಟಕ ಮೇಲೆ ಹೋದ್ರೆ ಮೈಸೂರಿನದೇ ಸರಸ್ವತಿಪುರಂನೋರಿಗೂ ಕೊರಿಯರ್ ರೇಟೇ ತೋರ್ಸುತ್ತೆ. ಸಿಟಿಗೆ ಪಿನ್‌ಕೋಡ್ ಜಾಗದಲ್ಲಿ 570* ಅಂತ ಹಾಕಿದ್ರೆ ಸಾಕು, 570ರಿಂದ ಶುರುವಾಗೋ ಎಲ್ಲಾ ಪಿನ್‌ಕೋಡೂ ಬರುತ್ತೆ. ಮಂಡ್ಯ ಕಡೆಗೂ ಬೇರೆ ಝೋನ್ ಬೇಕಂದ್ರೆ 571* ಹಾಕೋ ಆಸೆ ಬೇಡ, ಯಾಕಂದ್ರೆ ಮಂಡ್ಯ 571401 ಆದ್ರೆ ಮಡಿಕೇರಿ 571201, ಚಾಮರಾಜನಗರ 571313, ಎಲ್ಲಾ ಅದರೊಳಗೇ ಬಂದ್ಬಿಡುತ್ತೆ. ಶ್ರೀರಂಗಪಟ್ಣ, ಮದ್ದೂರು ಅಂತ ಬಿಡಿಬಿಡಿಯಾಗಿ ಒಂದೊಂದು ಲೈನಲ್ಲಿ ಪಿನ್‌ಕೋಡ್ ಬರ್ಕೊಳ್ಳಿ.

ಫ್ರೀ ಡೆಲಿವರಿ ಸಿಟಿಗೆ ಮಾತ್ರ ಇಟ್ಟಿದೀನಿ, ಅದೂ ಮಿನಿಮಮ್ ಆರ್ಡರ್ ದಾಟಿದ್ರೆ. ದೇಶಕ್ಕೆಲ್ಲಾ ಫ್ರೀ ಅಂತ ಹಾಕಿ ಆ ದುಡ್ಡನ್ನ ಕೋಡುಬಳೆ ರೇಟಲ್ಲಿ ಸೇರ್ಸೋದು ನಂಗೆ ಸರಿ ಅನ್ಸಲ್ಲ, ಪಕ್ಕದ ಬೀದಿಯೋರು ಗುವಾಹಟಿಯೋರ ಕೊರಿಯರ್ ಚಾರ್ಜ್ ಯಾಕೆ ಕಟ್ಬೇಕು? ಕ್ಯಾಶ್ ಆನ್ ಡೆಲಿವರಿನೂ ಸಿಟಿಗಷ್ಟೇ. ಆ ಪೇಮೆಂಟ್ ಸೆಟ್ಟಿಂಗ್ ಒಳಗೆ ಯಾವ್ಯಾವ ಶಿಪ್ಪಿಂಗ್ ಮೆಥಡ್‌ಗೆ ಅಂತ ಆರಿಸೋಕೆ ಜಾಗ ಇದೆ, ಬಹಳ ಜನ ನೋಡಿರಲ್ಲ. ದೂರದೂರಿಂದ ಮಾಲು ವಾಪಸ್ ಬಂದ್ರೆ ಹೋಗಿದ್ದಕ್ಕೂ ಬಂದಿದ್ದಕ್ಕೂ ನಾವೇ ಕಟ್ಬೇಕು, ಕೋಡುಬಳೆ ಮೆತ್ತಗಾಗಿರೋದು ಬೇರೆ.

ಕೊನೇಲಿ ಚೆಕ್ ಮಾಡೋವಾಗ ಅಡ್ಮಿನ್ ಲಾಗಿನ್ ಬಿಟ್ಟು ಪ್ರೈವೇಟ್ ವಿಂಡೋಲಿ ನೋಡಿ. ನಾನು ನಮ್ಮ ಕುವೆಂಪುನಗರದ 570023, ಮಡಿಕೇರಿಯ 571201, ಹೊಸೂರಿನ 635109, ಗುವಾಹಟಿ 781001, ಲೇಹ್‌ನ 194101 ಒಂದೊಂದೇ ಹಾಕಿ, ಪ್ರತಿಯೊಂದಕ್ಕೂ ಬರೀ ಕೋಡುಬಳೆ, ಬರೀ ಬೆಲ್ಲ, ಎರಡೂ ಸೇರಿ ಅಂತ ನೋಡ್ದೆ. ರೇಟ್ ಬದಲಾಯಿಸಿದ್ರೂ ಹಳೇದೇ ತೋರಿಸ್ತಿದ್ರೆ ಶಿಪ್ಪಿಂಗ್ ಸೆಟ್ಟಿಂಗಲ್ಲಿ ಡೀಬಗ್ ಮೋಡ್ (ನೆನಪಲ್ಲಿಟ್ಟ ಹಳೇ ರೇಟ್ ಬಿಟ್ಟು ಹೊಸದಾಗಿ ಲೆಕ್ಕ ಮಾಡ್ಸೋದು) ಆನ್ ಮಾಡಿ ನೋಡಿ, ಕೆಲಸ ಮುಗಿದ್ಮೇಲೆ ಆಫ್ ಮಾಡಿ.