ವಿಲ್ಯಾನ್ ಕೈಕೊಟ್ಟಾಗ ಟ್ರಂಕ್ ನೋಡಲು ಮರೆಯಬೇಡಿ

ಆಫೀಸಿನ ಕಂಪ್ಯೂಟರುಗಳ ಕೇಬಲ್ ಸೇರುವ ಪೆಟ್ಟಿಗೆಯೇ ಸ್ವಿಚ್. ಅದರಲ್ಲಿ ನೆಟ್‌ವರ್ಕನ್ನು ನಂಬರ್ ಕೊಟ್ಟು ಭಾಗ ಮಾಡಿದರೆ ಒಂದೊಂದು ಭಾಗವೂ ಒಂದು ವಿಲ್ಯಾನ್ (VLAN); ಎರಡು ಸ್ವಿಚ್ ನಡುವೆ ಹಲವು ವಿಲ್ಯಾನ್ ಒಯ್ಯುವ ಲಿಂಕೇ ಟ್ರಂಕ್. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಣ್ಣ ಆಫೀಸುಗಳಲ್ಲಿ ನೆಟ್‌ವರ್ಕ್ ನಿಂತರೆ ಮೊದಲು ಕೈ ಹೋಗುವುದು ಸ್ವಿಚ್ಚಿನ ಪವರ್ ಕೇಬಲ್‌ಗೆ. ದಯವಿಟ್ಟು ಹಾಗೆ ಮಾಡಬೇಡಿ. ಸೇವ್ ಮಾಡದ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಲಾಗ್ ಕೂಡ ಹೋದರೆ ಹುಡುಕಲು ಸುಳಿವೇ ಇರುವುದಿಲ್ಲ.

ಮೊದಲು ಯಾರ್ಯಾರಿಗೆ ತೊಂದರೆ ಅಂತ ಕೇಳಿ. ಒಬ್ಬರಿಗೆ ಮಾತ್ರವಾದರೆ ಕೇಬಲ್ ಮತ್ತು ಪೋರ್ಟಿನ ವಿಲ್ಯಾನ್ ನಂಬರ್ ನೋಡಿ, ಅಷ್ಟೇ. ಅಕೌಂಟ್ಸ್‌ನವರು ಅವರವರಲ್ಲೇ ಪಿಂಗ್ ಮಾಡಬಹುದು (ಆ ಕಡೆಯ ಯಂತ್ರ ಉತ್ತರಿಸುತ್ತದಾ ಅಂತ ನೋಡುವ ಪರೀಕ್ಷೆ), ಸ್ಟೋರ್ಸ್‌ಗೆ ಮಾತ್ರ ಹೋಗುತ್ತಿಲ್ಲ ಅಂದರೆ ಗೇಟ್‌ವೇ (ವಿಲ್ಯಾನ್‌ನಿಂದ ಹೊರಹೋಗುವ ಬಾಗಿಲು) ಕಡೆ ನೋಡಿ. ಒಂದು ವಿಲ್ಯಾನ್‌ನಿಂದ ಇನ್ನೊಂದಕ್ಕೆ ದಾಟಲು ರೂಟರ್ ಅಥವಾ ಅದೇ ಕೆಲಸ ಮಾಡಬಲ್ಲ ಲೇಯರ್ 3 ಸ್ವಿಚ್ ಬೇಕೇ ಬೇಕು.

ಕಂಪ್ಯೂಟರಿನ ಐಪಿ 169.254 ಅಂತ ಶುರುವಾಗಿದ್ದರೆ ಡಿಎಚ್‌ಸಿಪಿ (ಐಪಿ ವಿಳಾಸವನ್ನು ತಾನೇ ಹಂಚುವ ವ್ಯವಸ್ಥೆ) ಸಿಕ್ಕಿಲ್ಲ. ಆ ವಿಲ್ಯಾನ್‌ನ ಖಾಲಿ ಐಪಿಯೊಂದನ್ನು ಕೈಯಾರೆ ಹಾಕಿ ಗೇಟ್‌ವೇಗೆ ಪಿಂಗ್ ಮಾಡಿ. ಉತ್ತರ ಬಂದರೆ ದಾರಿ ಸರಿಯಿದೆ, ಡಿಎಚ್‌ಸಿಪಿ ಸರ್ವರ್ ಮತ್ತು ರಿಲೇ (ಬೇರೆ ವಿಲ್ಯಾನ್‌ನ ಕೋರಿಕೆಯನ್ನು ಸರ್ವರ್‌ಗೆ ದಾಟಿಸುವ ಸೆಟ್ಟಿಂಗ್) ನೋಡಿ. ಬರದಿದ್ದರೆ ಟ್ರಂಕ್‌ಗೆ ಹೋಗಿ.

ಜನ ಜಾಸ್ತಿ ಎಡವುವುದು ಇಲ್ಲೇ. ಸಿಸ್ಕೊ ಸ್ವಿಚ್ಚಿನ ಟ್ರಂಕ್‌ನಲ್ಲಿ ವಿಲ್ಯಾನ್ 10, 20 ಓಡುತ್ತಿವೆ, ಹೊಸದಾಗಿ 30 ಸೇರಿಸಬೇಕು ಅಂದುಕೊಳ್ಳಿ. 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30' ಅಂತ ಹೊಡೆದರೆ ಹಳೆಯ ಪಟ್ಟಿ ಹೋಗಿ 30 ಒಂದೇ ಉಳಿಯುತ್ತದೆ. 10, 20ರಲ್ಲಿದ್ದವರೆಲ್ಲ ಒಟ್ಟಿಗೆ ಕಟ್. 30 ಬರೆಯುವ ಮೊದಲು 'ಆ್ಯಡ್' ಇರಲೇಬೇಕು, ಅಂದರೆ '...ವಿಲ್ಯಾನ್ ಆ್ಯಡ್ 30'. ದೂರದಿಂದ ಲಾಗಿನ್ ಆಗಿದ್ದರೆ ನಿಮ್ಮ ಸಂಪರ್ಕವೂ ಕಡಿದುಹೋಗಬಹುದು. ಹಾಗಾಗಿ ಈಗಿನ ಕಾನ್ಫಿಗ್ (ಸ್ವಿಚ್ಚಿನ ಸೆಟ್ಟಿಂಗ್‌ಗಳು) ಸೇವ್ ಮಾಡಿ, 'ರೀಲೋಡ್ ಇನ್ 10' ಕೊಟ್ಟು ಆಮೇಲೆ ಕೈಹಾಕಿ. ತಪ್ಪಾದರೆ ಹತ್ತು ನಿಮಿಷಕ್ಕೆ ಸ್ವಿಚ್ ರೀಸ್ಟಾರ್ಟ್ ಆಗಿ ಹಳೆಯ ಕಾನ್ಫಿಗ್ ವಾಪಸ್ ಬರುತ್ತದೆ. ಸರಿಯಾದರೆ 'ರೀಲೋಡ್ ಕ್ಯಾನ್ಸಲ್' ಮರೆಯಬೇಡಿ.

ಈಗ ಎರಡೂ ತುದಿಯಲ್ಲಿ 'ಶೋ ಇಂಟರ್‌ಫೇಸಸ್ ಟ್ರಂಕ್' ನೋಡಿ. ಒಂದೇ ತುದಿ ನೋಡಿ ಬಿಡುವುದು ಬೇಡ. 'ಅಲೌಡ್' ಸಾಲಿನಲ್ಲಿ 30 ಇದ್ದು 'ಅಲೌಡ್ ಅಂಡ್ ಆ್ಯಕ್ಟಿವ್' ಸಾಲಿನಲ್ಲಿ ಇಲ್ಲದಿದ್ದರೆ, ಆ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ವಿಲ್ಯಾನ್ 30 ಹುಟ್ಟಿಯೇ ಇಲ್ಲ ಅಂತ ಅರ್ಥ. ನಡುವಿನ ಸ್ವಿಚ್ಚಿನಲ್ಲಿ ಇದನ್ನು ಮರೆಯುವವರೇ ಹೆಚ್ಚು. ಟ್ರಂಕ್‌ನಲ್ಲಿ ಓಡುವ ಫ್ರೇಮ್‌ಗೆ (ಡೇಟಾದ ಒಂದು ಕಟ್ಟು) ವಿಲ್ಯಾನ್ ನಂಬರಿನ ಟ್ಯಾಗ್ ಇರುತ್ತದೆ; ಟ್ಯಾಗ್ ಇಲ್ಲದ್ದು ಸೇರುವುದು ನೇಟಿವ್ ವಿಲ್ಯಾನ್‌ಗೆ. ಅದು ಎರಡೂ ಕಡೆ ಒಂದೇ ಇರಬೇಕು. ಈ ಕಡೆ 1, ಆ ಕಡೆ 99 ಇದ್ದರೆ ಟ್ಯಾಗ್ ಇಲ್ಲದ ಫ್ರೇಮ್ ಬೇರೆ ವಿಲ್ಯಾನ್‌ಗೆ ನುಗ್ಗುತ್ತದೆ. ಸಿಸ್ಕೊದಲ್ಲಾದರೆ ಲಾಗ್ ಈ ತಪ್ಪನ್ನು ಸಾಮಾನ್ಯವಾಗಿ ಬರೆದೇ ಇಟ್ಟಿರುತ್ತದೆ. ನೇಟಿವ್‌ಗೆ ಯಾರೂ ಬಳಸದ ನಂಬರ್ ಕೊಡಿ, 1 ಬೇಡವೇ ಬೇಡ.

ಇನ್ನೊಂದು ಮಾತು. ಟೇಬಲ್ ಕೆಳಗೆ ಯಾರೋ ಸಿಕ್ಕಿಸಿದ ಐದು ಪೋರ್ಟಿನ ಅಗ್ಗದ ಸ್ವಿಚ್ ಟ್ರಂಕ್ ದಾರಿಯಲ್ಲಿದ್ದರೆ ಇವತ್ತೇ ತೆಗೆದುಹಾಕಿ. ಅದಕ್ಕೆ ವಿಲ್ಯಾನ್ ಗೊತ್ತಿಲ್ಲ. ಕೆಲವು ಟ್ಯಾಗ್ ಇದ್ದ ಫ್ರೇಮನ್ನು ಹಾಗೇ ದಾಟಿಸುತ್ತವೆ, ಕೆಲವು ಸುಮ್ನೆ ಬೀಳಿಸುತ್ತವೆ. ಟ್ಯಾಗ್ ಸೇರಿದರೆ ಫ್ರೇಮ್ 4 ಬೈಟ್ ದೊಡ್ಡದಾಗುತ್ತದೆ ಅಲ್ವಾ? ಅಳತೆ ಮೀರಿದ ಫ್ರೇಮನ್ನು ಮಾತ್ರ ಬೀಳಿಸುವ ಸ್ವಿಚ್ ಆದರೆ ಪಿಂಗ್ ಹೋಗುತ್ತದೆ, ದೊಡ್ಡ ಫೈಲ್ ಮಾತ್ರ ಸಿಕ್ಕಿಕೊಳ್ಳುತ್ತದೆ. ದುಡ್ಡು ಸ್ವಲ್ಪ ಹೆಚ್ಚಾದರೂ ಮ್ಯಾನೇಜ್ಡ್ (ವಿಲ್ಯಾನ್ ಸೆಟ್ಟಿಂಗ್ ಮಾಡಬಹುದಾದ) ಸ್ವಿಚ್ಚನ್ನೇ ತನ್ನಿ.

ಸರಿಹೋದ ಮೇಲೆ ಎರಡೂ ಕಡೆಯಿಂದ ಪಿಂಗ್ ಮಾಡಿ, ದೊಡ್ಡ ಫೈಲೊಂದನ್ನು ಕಾಪಿ ಮಾಡಿ ನೋಡಿ, ಕೂಡಲೇ ಸೇವ್ ಮಾಡಲು 'ರೈಟ್ ಮೆಮೊರಿ' ಕೊಡಿ. ಮಳೆಗಾಲದಲ್ಲಿ ಒಮ್ಮೆ ಕರೆಂಟ್ ಹೋಗಿ ಬಂದರೆ, ಸೇವ್ ಮಾಡದ ರಿಪೇರಿ ಪೂರ್ತಿ ಮತ್ತೆ ಮಾಡಬೇಕಾಗುತ್ತದೆ.