ಕಡಿಮೆ ದುಡ್ಡಿನ ಬ್ಲೂ-ರೇ ಪ್ಲೇಯರ್: ನಾನು ಏನೇನು ನೋಡಿ ಕೊಂಡೆ

ಬ್ಲೂ-ರೇ ಪ್ಲೇಯರ್ ತಗೊಳ್ಳುವಾಗ ಎಲ್ಲರೂ ಕೊಡುವ ಸಲಹೆ ಒಂದೇ, ಪಿಕ್ಚರ್ ಕ್ವಾಲಿಟಿ ನೋಡಿ ತಗೊಳ್ಳಿ ಅಂತ. ನನ್ನ ಪ್ರಕಾರ ಅದನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಡಿಸ್ಕಿನಲ್ಲಿರುವುದು ಡಿಜಿಟಲ್, ಎಚ್‌ಡಿಎಂಐ ಕೇಬಲ್ಲಿನಲ್ಲಿ ಹೋಗುವುದೂ ಡಿಜಿಟಲ್. 1920 × 1080 ಪಿಕ್ಸೆಲ್ ಚಿತ್ರವನ್ನು ಅಷ್ಟೇ ಪಿಕ್ಸೆಲ್ ಇರುವ ಟೀವಿಗೆ ಕಳಿಸುವ ಕೆಲಸದಲ್ಲಿ ಅಗ್ಗದ ಪ್ಲೇಯರ್‌ಗೂ ದುಬಾರಿ ಪ್ಲೇಯರ್‌ಗೂ ನನ್ನ ಕಣ್ಣಿಗಂತೂ ವ್ಯತ್ಯಾಸ ಕಾಣಲಿಲ್ಲ. ಹಳೆಯ ಡಿವಿಡಿ ಹಾಕಿದಾಗ ಸ್ವಲ್ಪ ಕಾಣುತ್ತದೆ, ಯಾಕೆಂದರೆ ಡಿವಿಡಿಯ 480 ಅಥವಾ 576 ಗೆರೆಗಳನ್ನು ಹಿಗ್ಗಿಸಬೇಕು. ಆದರೆ ಆ ಕೆಲಸವನ್ನು ಟೀವಿಯೂ ಮಾಡುತ್ತದಲ್ವಾ? ಅದಕ್ಕಂತ ಜಾಸ್ತಿ ದುಡ್ಡು ಕೊಡಲು ನನಗೆ ಮನಸ್ಸಾಗಲಿಲ್ಲ.

ಮೊದಲು ತೀರ್ಮಾನಿಸಬೇಕಾದ್ದು ಸಾಮಾನ್ಯ ಬ್ಲೂ-ರೇ ಸಾಕೋ, 4ಕೆ (ಅದರ ನಾಲ್ಕು ಪಟ್ಟು ಪಿಕ್ಸೆಲ್ ಇರುವ ಚಿತ್ರ) ಬೇಕೋ ಅನ್ನುವುದು. 4ಕೆ ಡಿಸ್ಕ್ ಬಂದದ್ದು 2016ರಲ್ಲಿ. 4ಕೆ ಪ್ಲೇಯರ್‌ನಲ್ಲಿ ಹಳೆಯ ಬ್ಲೂ-ರೇ, ಡಿವಿಡಿ ಎರಡೂ ಓಡುತ್ತವೆ, ಆದರೆ ಸಾಮಾನ್ಯ ಪ್ಲೇಯರ್‌ಗೆ 4ಕೆ ಡಿಸ್ಕ್ ಹಾಕಿದರೆ ಏನೂ ಬರುವುದಿಲ್ಲ. ನನ್ನ ಟೀವಿ 1080, ಹಾಗಾಗಿ ಸಾಮಾನ್ಯದ್ದೇ ಸಾಕಾಯಿತು. ನಿಮ್ಮದು 4ಕೆ ಟೀವಿ ಆದರೆ ಅದರ ಯಾವ ಎಚ್‌ಡಿಎಂಐ ಕಿಂಡಿಗೆ ಎಚ್‌ಡಿಸಿಪಿ 2.2 (4ಕೆ ಚಿತ್ರ ಕಾಪಿ ಆಗದಂತೆ ಕಾಯುವ ವ್ಯವಸ್ಥೆ) ಇದೆ ಅಂತ ಮೊದಲು ನೋಡಿಕೊಳ್ಳಿ. ಕೆಲವು ಟೀವಿಗಳಲ್ಲಿ ಎಲ್ಲ ಕಿಂಡಿಗೂ ಅದು ಇರುವುದಿಲ್ಲ. ಮನೆಯಲ್ಲಿ ಗೇಮ್ ಕನ್ಸೋಲ್ ಇದ್ದವರು ಅದನ್ನೇ ಬಳಸಬಹುದು ಅನ್ನುತ್ತಾರೆ, ಸರಿ, ಆದರೆ ಪ್ಲೇಸ್ಟೇಷನ್ 4ರಲ್ಲಿ 4ಕೆ ಡಿಸ್ಕ್ ಓಡುವುದಿಲ್ಲ. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5ರಲ್ಲಿ ಓಡುತ್ತದೆ. ಹಾಡಿನ ಆಡಿಯೋ ಸಿಡಿ ಮಾತ್ರ ಎರಡರಲ್ಲೂ ಓಡುವುದಿಲ್ಲ.

ಆಮೇಲೆ ರೀಜನ್, ಅಂದರೆ ಡಿಸ್ಕ್ ಯಾವ ಭಾಗದ ದೇಶಗಳ ಪ್ಲೇಯರ್‌ನಲ್ಲಿ ಮಾತ್ರ ಓಡಬೇಕು ಅನ್ನುವ ಬೀಗ. ಬ್ಲೂ-ರೇಗೆ ಇರುವುದು ಮೂರೇ: ಎ, ಬಿ, ಸಿ. ಅಮೆರಿಕ, ಜಪಾನ್ ಕಡೆಯದು ಎ. ಯುರೋಪ್, ಆಸ್ಟ್ರೇಲಿಯಾ ಬಿ. ಭಾರತ, ಚೀನಾ, ರಷ್ಯಾ ಸಿ. ಡಿವಿಡಿಯ ರೀಜನ್ ನಂಬರುಗಳೇ ಬೇರೆ. 'ಮಲ್ಟಿ ರೀಜನ್' ಅಂತ ಮಾರುವ ಎಷ್ಟೋ ಪ್ಲೇಯರ್‌ಗಳು ಡಿವಿಡಿಗೆ ಮಾತ್ರ ಮಲ್ಟಿ, ಬ್ಲೂ-ರೇಗೆ ಅಲ್ಲ. ಕೊಳ್ಳುವ ಮುಂಚೆ ಇದನ್ನು ಬಾಯಿಬಿಟ್ಟು ಕೇಳಿ. 4ಕೆ ಡಿಸ್ಕಿಗೆ ಈ ರೀಜನ್ ತಲೆನೋವೇ ಇಲ್ಲ.

ಅಂಗಡಿಗೆ ನನ್ನ ಡಿಸ್ಕುಗಳನ್ನೇ ತಗೊಂಡು ಹೋಗಿದ್ದೆ. ಒಂದು ಬ್ಲೂ-ರೇ, ಗೀರು ಬಿದ್ದ ಒಂದು ಡಿವಿಡಿ, ವೀಡಿಯೋ ತುಂಬಿದ ಒಂದು ಪೆನ್‌ಡ್ರೈವ್. ತಟ್ಟೆ ಒಳಗೆ ಹೋದ ಮೇಲೆ ಮೆನು ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಸುಮ್ನೆ ನಿಂತು ನೋಡಿದೆ. ಪ್ಲೇಯರ್ ಪ್ಲೇಯರ್‌ಗೂ ನಿಜವಾದ ವ್ಯತ್ಯಾಸ ಕಂಡದ್ದು ಇಲ್ಲೇ. ಬ್ಲೂ-ರೇ ಮೆನುಗಳು ಬಹಳಷ್ಟು ಜಾವಾ ಪ್ರೋಗ್ರಾಮುಗಳು, ಪ್ರೊಸೆಸರ್ ನಿಧಾನವಾಗಿದ್ದರೆ ಬಾಣದ ಗುಂಡಿ ಒತ್ತಿ ಕಾಯುತ್ತಾ ಕೂರಬೇಕು. ಸ್ಟಾಪ್ ಒತ್ತಿದ ಮೇಲೆ ಸಿನಿಮಾ ಮತ್ತೆ ಮೊದಲಿನಿಂದ ಶುರುವಾದರೆ ಮಾತ್ರ ಪ್ಲೇಯರ್ ಅನ್ನು ಬೈಯಬೇಡಿ. ಇಂಥ ಎಷ್ಟೋ ಡಿಸ್ಕುಗಳಲ್ಲಿ ನಿಲ್ಲಿಸಿದಲ್ಲಿಂದ ಮುಂದುವರಿಯುವ ಸೌಕರ್ಯವೇ ಇರುವುದಿಲ್ಲ. ಪೆಟ್ಟಿಗೆಗೆ ಕಿವಿ ಹತ್ತಿರ ಇಟ್ಟು ಡಿಸ್ಕ್ ತಿರುಗುವ ಸದ್ದನ್ನೂ ಕೇಳಿದೆ. ಮಾರುವವರು ವಿಚಿತ್ರವಾಗಿ ನೋಡಿದರು, ನೋಡಲಿ ಬಿಡಿ. ರಾತ್ರಿ ಮೆಲ್ಲಗೆ ಸೌಂಡ್ ಇಟ್ಟು ನೋಡುವಾಗ ಆ ಗುಂಯ್ ಅನ್ನುವ ಸದ್ದು ಎಷ್ಟು ಕಾಡುತ್ತದೆ ಅಂತ ನನಗೆ ಗೊತ್ತು.

ಮನೆಗೆ ತಂದ ಮೇಲೆ ಮೊದಲು ಮಾಡಿದ ಕೆಲಸ 24 ಫ್ರೇಮಿನ ಔಟ್‌ಪುಟ್ ಆನ್ ಮಾಡಿದ್ದು. ಸಿನಿಮಾ ಚಿತ್ರೀಕರಿಸುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ. ಇದು ಆಫ್ ಇದ್ದರೆ ಪ್ಲೇಯರ್ ಅದನ್ನು 60ಕ್ಕೆ ಹೊಂದಿಸಲು ಒಂದು ಫ್ರೇಮನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತಾ ಹೋಗುತ್ತದೆ. ಕೊನೆಯಲ್ಲಿ ಮೇಲಕ್ಕೆ ಸರಿಯುವ ಹೆಸರುಗಳನ್ನು ನೋಡಿ, ಅಕ್ಷರಗಳು ಕುಂಟುತ್ತಾ ಹತ್ತುತ್ತವೆ. ಆನ್ ಮಾಡಿ ಅದೇ ಜಾಗ ಮತ್ತೆ ಹಾಕಿದೆ, ಕುಂಟುವುದು ನಿಂತಿತು. ಟೀವಿಯೂ 24 ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಉಪಯೋಗವಿಲ್ಲ. ಟೀವಿಯ ಸೆಟ್ಟಿಂಗಿನಲ್ಲಿ ಓವರ್‌ಸ್ಕ್ಯಾನ್ ಕೂಡ ತೆಗೆದುಬಿಡಿ, ಅದು ಚಿತ್ರದ ಅಂಚುಗಳನ್ನು ಕತ್ತರಿಸಿ ಉಳಿದದ್ದನ್ನು ಹಿಗ್ಗಿಸುತ್ತದೆ.

ಸೌಂಡಿನ ವಿಷಯ, ರಿಸೀವರ್ (ಹೊರಗಿನ ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆ) ಇರುವವರಿಗೆ ಮಾತ್ರ. ಟೀವಿ ಸ್ಪೀಕರ್‌ನಲ್ಲೇ ಕೇಳುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ಬ್ಲೂ-ರೇಯ ಒಳ್ಳೆಯ ಮಟ್ಟದ ಸೌಂಡ್ ಫಾರ್ಮ್ಯಾಟುಗಳಾದ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಎರಡೂ ಎಚ್‌ಡಿಎಂಐನಲ್ಲಿ ಮಾತ್ರ ಪೂರ್ತಿಯಾಗಿ ಹೋಗುತ್ತವೆ, ಆಪ್ಟಿಕಲ್ ಕೇಬಲ್‌ಗೆ ಆ ತಾಕತ್ತಿಲ್ಲ. ಎಚ್‌ಡಿಎಂಐ ಹಾಕಿದರೂ ನನ್ನ ರಿಸೀವರ್ ಮೇಲೆ ಬರೀ 'ಡಿಟಿಎಸ್' ಅಂತ ಬರುತ್ತಿತ್ತು. ಹುಡುಕಿದರೆ ಕಾರಣ ಸೆಕೆಂಡರಿ ಆಡಿಯೋ ಅನ್ನುವ ಸೆಟ್ಟಿಂಗ್. ಮೆನುವಿನ ಟಿಕ್ ಟಿಕ್ ಸದ್ದನ್ನು, ಕಾಮೆಂಟರಿಯನ್ನು ಬೆರೆಸುವ ಸಲುವಾಗಿ ಅದು ಒಳ್ಳೆಯ ಸೌಂಡನ್ನು ಸಾಧಾರಣ ಮಟ್ಟಕ್ಕೆ ಇಳಿಸುತ್ತದೆ. ಆಫ್ ಮಾಡಿದ ತಕ್ಷಣ ಪೂರ್ತಿ ಹೆಸರು ಬಂತು. ಬೇರೆ ಬೇರೆ ಕಂಪನಿಯಲ್ಲಿ ಇದರ ಹೆಸರು ಬೇರೆ, ಕೆಲವದರಲ್ಲಿ 'ಆಡಿಯೋ ಮಿಕ್ಸ್' ಅಂತಲೂ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಕೂಡ ಕೆಟ್ಟದ್ದೇನಲ್ಲ, ಆದರೆ ಪರೀಕ್ಷೆಗೆ 50 ಜಿಬಿಯ ಎರಡು ಪದರದ ಡಿಸ್ಕ್ ಹಾಕಿ, ಸಿನಿಮಾದ ಮಧ್ಯಕ್ಕೂ ಕೊನೆಗೂ ಹಾರಿ ನೋಡಿ. ಲೇಸರ್ ಸುಸ್ತಾಗಿದ್ದರೆ ಎಲ್ಲೋ ಒಂದು ಕಡೆ ತಡವರಿಸುತ್ತದೆ. ಡಿಸ್ಕುಗಳ ಕಾಪಿ ರಕ್ಷಣೆಯ ಕೀಲಿಗಳು ಆಗಾಗ ಬದಲಾಗುವುದರಿಂದ ಹೊಸ ಡಿಸ್ಕ್ ಓಡಲು ಫರ್ಮ್‌ವೇರ್ (ಪ್ಲೇಯರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬೇಕಾಗಬಹುದು. ಒಳ್ಳೆಯ ಪ್ಲೇಯರ್‌ಗಳಿಗೆ ಹೆಸರಾಗಿದ್ದ ಆಪ್ಪೋ ಕಂಪನಿ 2018ರಲ್ಲೇ ಅವನ್ನು ಮಾಡುವುದನ್ನು ನಿಲ್ಲಿಸಿತು. ಹಾಗಾಗಿ ಹಳೆಯ ಮಾಡೆಲ್ ಸಿಕ್ಕರೆ ಅದಕ್ಕೆ ಕೊನೆಯ ಅಪ್‌ಡೇಟ್ ಯಾವಾಗ ಬಂದಿತ್ತು, ಅದು ಇನ್ನೂ ಡೌನ್‌ಲೋಡ್‌ಗೆ ಸಿಗುತ್ತದಾ ಅಂತ ನೋಡಿಕೊಂಡೇ ದುಡ್ಡು ಕೊಡಿ.