ಸೂಜಿ, ಎಂಡಾರ್ಫಿನ್ ಮತ್ತು ತಲೆನೋವು: ನನ್ನ ಅನುಭವ

ತೀವ್ರ ತಲೆನೋವು ಇರುವವರಿಗೆ ನಾನು ಅಕ್ಯುಪಂಕ್ಚರ್ ಮಾಡುತ್ತೇನೆ. ಆದರೆ ಮೊದಲ ಭೇಟಿಯಲ್ಲಿ ಸೂಜಿ ಮುಟ್ಟುವುದಿಲ್ಲ. ಒಮ್ಮೆಲೇ ಸಿಡಿಲಿನಂತೆ ಬಂದ ನೋವೇ, ಜ್ವರದ ಜೊತೆ ಕುತ್ತಿಗೆ ಬಿಗಿದಿದೆಯೇ, ಮಾತು ತೊದಲುತ್ತಿದೆಯೇ ಅಂತ ಕೇಳುತ್ತೇನೆ. ಇದ್ದರೆ ಆಗಲೇ ಆಸ್ಪತ್ರೆಗೆ ಕಳಿಸುತ್ತೇನೆ. ಆಮೇಲೆ ಮಾತ್ರೆಗಳ ಲೆಕ್ಕ. ಸಾಮಾನ್ಯ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನ್‌ಗೆ ಕೊಡುವ ಔಷಧಿ) ಅಥವಾ ಒಪಿಯಾಯ್ಡ್ (ಅಫೀಮಿನ ಜಾತಿಯ ನೋವಿನ ಔಷಧಿ) 10 ದಿನ, ಹೀಗೆ ಮೂರು ತಿಂಗಳಿಗಿಂತ ಜಾಸ್ತಿ ನಡೆದಿದ್ದರೆ ಮಾತ್ರೆಯೇ ತಲೆನೋವು ತರುತ್ತಿರಬಹುದು.

ಮೈಗ್ರೇನ್ ಇರುವವರಿಗೆ ಹೆಬ್ಬೆರಳು-ತೋರುಬೆರಳಿನ ನಡುವೆ, ಕತ್ತಿನ ಹಿಂದೆ ತಲೆಬುರುಡೆಯ ಅಂಚಿನಲ್ಲಿ, ಕಣತಲೆಯಲ್ಲಿ ಸೂಜಿ ಹಾಕುತ್ತೇನೆ. ಚುಚ್ಚಿದ ಜಾಗದಲ್ಲಿ ಭಾರವಾದ ಹಾಗೆ ಮಂದ ನೋವು ಬರಬೇಕು. ಸುಮಾರು ಅರ್ಧ ಗಂಟೆ ಬಿಡುತ್ತೇನೆ. ಗರ್ಭಿಣಿಯರಿಗೆ ಕೈಯ ಬಿಂದು ಬೇಡ.

"ಇದರಿಂದ ಎಂಡಾರ್ಫಿನ್ ಬರುತ್ತಂತೆ, ಅಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಹೌದು. ಎಂಡಾರ್ಫಿನ್ ಅಂದರೆ ದೇಹವೇ ತಯಾರಿಸುವ, ಒಪಿಯಾಯ್ಡ್‌ನಂತೆ ನೋವು ತಗ್ಗಿಸುವ ವಸ್ತು. ಅದೇ ಗುಂಪಿನ, ಮೆದುಳೇ ತಯಾರಿಸುವ ಎನ್‌ಕೆಫಲಿನ್ ಅನ್ನು ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ 1975ರಲ್ಲಿ ಗುರುತಿಸಿದರು. ಎರಡೇ ವರ್ಷದಲ್ಲಿ ಮೇಯರ್ ಮತ್ತು ಜೊತೆಗಾರರು ಕೈಗೆ ಸೂಜಿ ಹಾಕಿ ಹಲ್ಲಿನ ನೋವನ್ನು ತಗ್ಗಿಸಿದರು. ಒಪಿಯಾಯ್ಡ್‌ಗಳನ್ನು ತಡೆಯುವ ನಾಲೊಕ್ಸೋನ್ ಕೊಟ್ಟಾಗ ಆ ಪರಿಣಾಮ ಹೋಯಿತು. ಬೀಜಿಂಗ್‌ನ ಹಾನ್ ಜಿಶೆಂಗ್ ಸೂಜಿಗೆ ವಿದ್ಯುತ್ ಕೊಟ್ಟು ನೋಡಿದರು. ಸೆಕೆಂಡಿಗೆ 2 ಸಲದ ಮಿಡಿತಕ್ಕೆ ಎನ್‌ಕೆಫಲಿನ್, 100 ಸಲಕ್ಕೆ ಅದೇ ಗುಂಪಿನ ಡೈನಾರ್ಫಿನ್ ಹೊರಬಂತು.

ಕಥೆ ಇಲ್ಲಿಗೇ ನಿಂತಿದ್ದರೆ ನನಗೆ ಬಹಳ ಅನುಕೂಲ! ಆದರೆ 1978ರಲ್ಲಿ, ಹಲ್ಲು ಕೀಳಿಸಿಕೊಂಡವರಿಗೆ ಸುಮ್ನೆ ಕೊಟ್ಟ ಹುಸಿ ಔಷಧಿಯ ಆರಾಮವನ್ನೂ ನಾಲೊಕ್ಸೋನ್ ಅಳಿಸಿತು. ಅಂದರೆ ನಂಬಿಕೆಯೂ ಅದೇ ಒಪಿಯಾಯ್ಡ್‌ಗಳನ್ನು ಹೊರಡಿಸುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2016ರ ಕಾಕ್ರೇನ್ ವಿಮರ್ಶೆಯಲ್ಲೂ ಅಂತರ ಸಣ್ಣದೇ: ಮೈಗ್ರೇನ್ ಬರುವುದು ಅರ್ಧಕ್ಕಿಳಿದದ್ದು ನಿಜವಾದ ಸೂಜಿಯಲ್ಲಿ ಶೇ. 50, ನಕಲಿಯಲ್ಲಿ ಶೇ. 41 ಜನರಿಗೆ. ಹಾಗಾಗಿ ಎಂಡಾರ್ಫಿನ್ ಮಾತು ಹೇಳಿ ನಾನು ಯಾರ ಮಾತ್ರೆಯನ್ನೂ ನಿಲ್ಲಿಸುವುದಿಲ್ಲ. ನೋವಿನ ದಿನಗಳನ್ನು ಬರೆದಿಡಲು ಹೇಳುತ್ತೇನೆ. ಹತ್ತು ಸಲ ಆದರೂ ಇಳಿಯದಿದ್ದರೆ ಚಿಕಿತ್ಸೆಯನ್ನೇ ಬಿಡುತ್ತೇನೆ. ದುಡ್ಡು ಅವರದ್ದು.

ಕ್ಲಸ್ಟರ್ ತಲೆನೋವಿನಲ್ಲಿ ಇನ್ನೂ ಹುಷಾರು. ಒಂದು ಕಣ್ಣಿನ ಸುತ್ತ 15 ನಿಮಿಷದಿಂದ 3 ಗಂಟೆ ಕೊರೆಯುವ ನೋವು ಅದು. ಆಗ ರೋಗಿಗೆ ಕೂರಲೂ ಆಗುವುದಿಲ್ಲ, ಸೂಜಿ ಹಾಕುವುದೆಲ್ಲಿಂದ! ಮಾಸ್ಕ್‌ನಲ್ಲಿ ಆಮ್ಲಜನಕ, ಸುಮಾಟ್ರಿಪ್ಟಾನ್ ಇಂಜೆಕ್ಷನ್ ಬೇಕು. ಅದಕ್ಕೆ ನರರೋಗ ತಜ್ಞರನ್ನು ಕಂಡು ಬಂದವರಿಗೆ ಮಾತ್ರ, ನೋವಿಲ್ಲದ ಹೊತ್ತಿನಲ್ಲಿ, ಔಷಧಿಯ ಜೊತೆಗೆ ಸೂಜಿ ಹಾಕುತ್ತೇನೆ.